ಲೋಳೆಮೀನಿನ ಲಕ್ಷಣವಿಚಾರ

ಕೋಲಾರ, ಮಾಲೂರು, ಮುಳುಬಾಗಿಲು, ಶ್ರೀನಿವಾಸಪುರಗಳು ಕೆರೆಗಳ ಸೀಮೆ; ಕಡಲು ಇಲ್ಲಿಗೆ ಬಹುದೂರ. ಇಲ್ಲಿಯ ವಿದ್ಯಾರ್ಥಿಗೆ ಲೋಳೆಮೀನೆಂಬುದು ಶಬ್ದವಾಗಿ ದೊರೆಯುವುದೇ ಹೊರತು ವಸ್ತುವಾಗಿ ಅಲ್ಲ. ವಸ್ತುವನ್ನು ಕಾಣದವನಿಗೆ ಲಕ್ಷಣವೇ ಆಧಾರವಾದುದರಿಂದ ಅದು ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂಬ ತ್ರಿದೋಷಗಳಿಂದ ದೂರವಿರಬೇಕಾದುದು ಅವಶ್ಯಕ. ಮೀನೆಂಬ ಪದವಂತೂ ಇಲ್ಲಿ ಬರಿಯ ರೂಢಿ. ಈ ಜೀವಿಗೆ ಬೆನ್ನೆಲುಬೂ ಇಲ್ಲ, ಕಿವಿರೂ ಇಲ್ಲ.

ಲಿನೇಯಸರು 1758ರಲ್ಲಿ ಇಂತಹ ಪ್ರಾಣಿಗಳನ್ನು ಕೃಮಿವರ್ಗದಲ್ಲಿ 'ಮೆಡೂಸ' ಎಂಬ ಒಂದೇ ಹೆಸರಿನ ಕೆಳಗೆ ಇಟ್ಟರು. ಕೊಡೆಯ ಆಕಾರ, ಲೋಳೆಯ ಮೈ ಎಂಬಿಷ್ಟನ್ನೇ ಹಿಡಿದರೆ ಅತಿವ್ಯಾಪ್ತಿಯು ತಪ್ಪದು. ಜರ್ಮನಿಯ ಗೆಗೆನ್‌ಬೌರರು 1857ರಲ್ಲಿ ವ್ಯಾವರ್ತಕ ಧರ್ಮವೊಂದನ್ನು ಎತ್ತಿ ತೋರಿಸಿದರು: ಕೊಡೆಯ ಅಂಚಿನಿಂದ ಒಳಕ್ಕೆ ಚಾಚಿರುವ ತೆಳುಪೊರೆಯ ತೆರೆ. ಅದುಳ್ಳವು ಒಂದು ಗಣ, ಇಲ್ಲದವು ಮತ್ತೊಂದು. ಈಗ ನಿಜವಾದ ಲೋಳೆಮೀನುಗಳೆಂದು ಎಣಿಸುವ ಸೈಫೋಜೋವ ವರ್ಗವು ಬಹುಮಟ್ಟಿಗೆ ಎರಡನೆಯ ಗಣದಿಂದಲೇ ಬಂದುದು.

ಅರಬ್ಬೀ ಸಮುದ್ರದಲ್ಲಿ ಕಾಣುವ ಕ್ರಾಂಬಿಯೋನೆಲ್ಲ ಓರ್ಸಿನಿಯು ಆ ವರ್ಗದ ಕ್ಯಾಟೊಸ್ಟೈಲಿಡೇ ಕುಟುಂಬಕ್ಕೆ ಸೇರಿದುದು. ಇದರ ಕೊಡೆಯಂಚಿನಲ್ಲಿ ಎಳೆಗಳಿಲ್ಲ. ನಡುವೆ ಒಂದು ದೊಡ್ಡ ಬಾಯಿಯೂ ಇಲ್ಲ. ಎಂಟು ಬಾಹುಗಳ ಮೇಲೆ ಅಸಂಖ್ಯ ಕಿರುಬಾಯಿಗಳಿವೆ. ಬಾಹುಗಳು ಮೂರು ರೆಕ್ಕೆಗಳುಳ್ಳ ಗೋಪುರದಂತಿರುವುದು ಕುಟುಂಬದ ಗುರುತು. ಅವುಗಳ ತುದಿಯಲ್ಲಿ ಗದೆಯಂತಹ ಗುಬುಟು ಇರುವುದು ಕ್ರಾಂಬಿಯೋನೆಲ್ಲದ ಗುರುತು. ಫಾನ್‌ಹೋಫೆನರು 1888ರಲ್ಲಿ ವರ್ಣಿಸಿದ ಈ ಪ್ರಭೇದವು, ಸ್ಟಿಯಾಸ್ನಿಯವರು 1921ರಲ್ಲಿ ಸ್ಥಾಪಿಸಿದ ಹೊಸ ಕುಲಕ್ಕೆ ಬಂದು ಸೇರಿತು. ವ್ಯಕ್ತಿಯು ಬದಲಾಗಲಿಲ್ಲ; ಗೋತ್ರವು ಮಾತ್ರ ಬದಲಾಯಿತು.

ಲಕ್ಷಣಕ್ಕೆ ನಿಜವಾದ ಪರೀಕ್ಷೆಯು ಒದಗಿದುದು ಕಡಲಿನಲ್ಲಲ್ಲ, ಸಿಹಿನೀರಿನಲ್ಲಿ. ಬ್ಯೋಮರು 1883ರಲ್ಲಿ ಆಫ್ರಿಕಾದ ಟಾಂಗನೀಕಾ ಸರೋವರದಲ್ಲಿ ಒಂದು ಮೆಡೂಸವನ್ನು ಕಂಡರು; ಗುಂಥರರು 1893ರಲ್ಲಿ ಅದಕ್ಕೆ ಲಿಮ್ನೋಕ್ನೈಡ ಎಂಬ ಕುಲನಾಮವನ್ನಿತ್ತರು. ಅದೇ ಕುಲದ ಜೀವಿಯು ಸಹ್ಯಾದ್ರಿಯಲ್ಲಿ, ಕೃಷ್ಣೆಯ ಮೇಲ್ಭಾಗದ ಉಪನದಿಗಳಲ್ಲಿಯೂ ದೊರೆಯಿತು. ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನ ಅನ್ನಾಂಡೇಲರು 1911ರಲ್ಲಿ ಅದನ್ನು ಲಿಮ್ನೋಕ್ನೈಡ ಇಂಡಿಕ ಎಂದು ಕರೆದರು; ಶಂಕರ ಪುರುಷೋತ್ತಮ ಆಘಾರ್ಕರರು ಅದರ ನೆಲೆಗಳನ್ನು ಶೋಧಿಸಿದವರಲ್ಲಿ ಒಬ್ಬರು. ನೋಟಕ್ಕೆ ಇದೂ ಲೋಳೆಮೀನೇ. ಆದರೆ ಕೊಡೆಯೊಳಗೆ ತೆರೆಯಿದೆ. ಆದಕಾರಣ ಇದಕ್ಕೆ ಹೈಡ್ರೋಜೋವ ವರ್ಗದ ಒಲಿಂಡಿಯಿಡೇ ಕುಟುಂಬದಲ್ಲಿ ಸ್ಥಾನ. ಇಂತಹವುಗಳಿಗಾಗಿ ಕ್ರಾಂಪರು 1938ರಲ್ಲಿ ಲಿಮ್ನೋಮೆಡೂಸೇ ಎಂಬ ಗಣವನ್ನೇ ಏರ್ಪಡಿಸಿದರು. ಕೃಷ್ಣೆಯ ಈ ಜೀವಿಯನ್ನು ನಿಜವಾದ ಲೋಳೆಮೀನೆಂದು ಪಾಠ ಹೇಳುವುದು ಅತಿವ್ಯಾಪ್ತಿಗೆ ಒಳ್ಳೆಯ ಉದಾಹರಣೆಯಾದೀತು.

ಅನ್ನಾಂಡೇಲರ ಹೆಸರಾದರೋ ಎರಡು ಕಡೆಯಲ್ಲಿಯೂ ನಿಂತಿದೆ: ನಿಜವಾದ ಲೋಳೆಮೀನುಗಳಾದ ಕ್ಯಾಟೊಸ್ಟೈಲಿಡೇಗಳಲ್ಲಿ ಒಂದಕ್ಕೆ ರಾವ್ ಅವರು 1931ರಲ್ಲಿ ಕ್ರಾಂಬಿಯೋನೆಲ್ಲ ಅನ್ನಾಂಡೇಲೈ ಎಂದು ನಾಮಕರಣ ಮಾಡಿದರು.