ಬೆಟ್ಟದ ಜೀವ ಬೆಟ್ಟಕ್ಕೆ

ಆಸ್ಟ್ರಿಯಾದ ಇನ್ಸ್‌ಬ್ರುಕ್ ನಗರದ ಮೇಲಿನ ಇಳಿಜಾರಿನಲ್ಲಿರುವ ಆಲ್ಪೆನ್‌ಝೂನಲ್ಲಿ ಆನೆ, ಸಿಂಹ, ಜಿರಾಫೆ ನೋಡಲು ಸಿಗುವುದಿಲ್ಲ. ಹಾನ್ಸ್ ಪ್ಸೆನ್ನರ್ 1962ರಲ್ಲಿ ಇದನ್ನು ಆರಂಭಿಸಿದ್ದೇ ಆಲ್ಪ್ಸ್ ಪರ್ವತಗಳ ಜೀವಿಗಳಿಗಾಗಿ. ಇದೊಂದು ಕೊರತೆಯೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಇಂಥ ಮೃಗಾಲಯದ ಬೆಲೆಯಿರುವುದೇ ಈ ಕಟ್ಟುಪಾಡಿನಲ್ಲಿ. ದೂರದೇಶದ ಪ್ರಾಣಿಯನ್ನು ಜನರಿಗೆ ತೋರಿಸಬಹುದು, ಅಷ್ಟೆ; ಕಣ್ಣೆದುರಿನ ಬೆಟ್ಟದಿಂದ ಅಳಿದುಹೋದದ್ದನ್ನು ಸಾಕಿ ಬೆಳೆಸಿ ಅದೇ ಬೆಟ್ಟಕ್ಕೆ ಮರಳಿಸಬಹುದು.

ಬೇಟೆ ನಿಲ್ಲಿಸಿ ಕಾಡು ಉಳಿಸಿದರೆ ಸಾಕು, ಮೃಗಾಲಯವೇಕೆ ಎಂಬ ಆಕ್ಷೇಪವಿದೆ. ಐಬೆಕ್ಸ್ ಎಂಬ ಕಾಡುಮೇಕೆಯ ಕಥೆ ಇದಕ್ಕೆ ಉತ್ತರ. ಅದನ್ನು ಮರಳಿ ನೆಲೆಗೊಳಿಸಬೇಕೆಂದು ಸ್ವಿಟ್ಜರ್ಲೆಂಡಿನ 1875ರ ಬೇಟೆ ಕಾನೂನೇ ಹೇಳಿತ್ತು. ಆದರೆ ದೇಶದಲ್ಲಿ ಒಂದೂ ಉಳಿದಿರಲಿಲ್ಲ. ಇದ್ದದ್ದು ಇಟಲಿಯ ರಾಜರು ತಮ್ಮ ಬೇಟೆಗೆಂದು ಕಾಪಾಡಿಕೊಂಡಿದ್ದ ಗ್ರಾನ್ ಪಾರಾದೀಸೊ ಸೀಮೆಯಲ್ಲಿ, ಅವರು ಕೊಡಲೊಪ್ಪಲಿಲ್ಲ. ಕೊನೆಗೆ 1906ರಲ್ಲಿ ಕಳ್ಳಬೇಟೆಗಾರರ ಕೈಯಿಂದ ಗಡಿ ದಾಟಿಬಂದ ಮರಿಗಳನ್ನು ಸೇಂಟ್ ಗ್ಯಾಲನ್‌ನ ಪೀಟರ್ ಅಂಡ್ ಪಾಲ್ ವನ್ಯಧಾಮ ಸಾಕಿತು. ಅಲ್ಲಿಯ ಸಂತತಿಯನ್ನು 1911ರಲ್ಲಿ ಬೆಟ್ಟಕ್ಕೆ ಬಿಟ್ಟರು. ದಾರಿ ತಪ್ಪಾಗಿತ್ತು, ನಿಜ. ಆದರೆ ಕಾನೂನಿನ ಮಾತಿಗೆ ಜೀವ ಬಂದದ್ದು ಬೇಲಿಯೊಳಗೆ ಹುಟ್ಟಿದ ಆ ಮರಿಗಳಿಂದ.

ಪಂಜರದಲ್ಲಿ ಬೆಳೆದದ್ದು ಕಾಡಿನಲ್ಲಿ ಬದುಕೀತೇ ಎಂಬ ಸಂದೇಹ ಇನ್ನೂ ಗಟ್ಟಿಯಾದದ್ದು. ಕುರಿಮರಿಗಳನ್ನು ಹೊತ್ತೊಯ್ಯುತ್ತದೆಂಬ ಸುಳ್ಳು ನಂಬಿಕೆಯಿಂದ, ಸತ್ತ ಪ್ರಾಣಿಯ ಮೂಳೆಯನ್ನೇ ಮುಖ್ಯವಾಗಿ ತಿನ್ನುವ ಗಡ್ಡದ ರಣಹದ್ದನ್ನು ಆಲ್ಪ್ಸ್‌ನಲ್ಲಿ ಗುಂಡಿಟ್ಟು ಮುಗಿಸಿದ್ದರು. ಆಲ್ಪೆನ್‌ಝೂ 1970ರ ದಶಕದಲ್ಲಿ ಅದರ ಮರಿ ಮಾಡಿಸುವುದರಲ್ಲಿ ಗೆದ್ದಿತು. ಸಾಮಾನ್ಯವಾಗಿ ಈ ಹಕ್ಕಿ ಎರಡು ಮೊಟ್ಟೆಯಿಟ್ಟರೂ ಕಾಡಿನಲ್ಲಿ ಉಳಿಯುವುದು ಒಂದೇ ಮರಿ, ಹಿರಿಯದು ಕಿರಿಯದನ್ನು ಕೊಲ್ಲುತ್ತದೆ. ಸಾಕುವವರು ಎರಡನ್ನೂ ಬೇರೆಬೇರೆಯಾಗಿ ಉಳಿಸಬಲ್ಲರು. ಹಾರಲು ಇನ್ನೂ ಕೆಲ ವಾರಗಳಿರುವಾಗಲೇ ಮರಿಗಳನ್ನು ಬಂಡೆಯ ಪೊಟರೆಯಲ್ಲಿಟ್ಟು, ಮನುಷ್ಯರು ಕಣ್ಣಿಗೆ ಬೀಳದಂತೆ ಆಹಾರ ಒದಗಿಸುತ್ತಾರೆ. ಹೀಗೆ ಮೊದಲ ಮರಿಗಳನ್ನು 1986ರಲ್ಲಿ ಆಸ್ಟ್ರಿಯಾದ ರೌರಿಸ್ ಕಣಿವೆಯಲ್ಲಿ ಬಿಟ್ಟರು. 1997ರಲ್ಲಿ ಫ್ರಾನ್ಸಿನ ಆಲ್ಪ್ಸ್‌ನಲ್ಲಿ ಕಾಡಿನಲ್ಲೇ ಮರಿಯೊಂದು ಹುಟ್ಟಿತು.

ಇಷ್ಟಾದರೂ ಅಳಿಸಿದ್ದೆಲ್ಲವನ್ನೂ ಮೃಗಾಲಯ ತುಂಬಿಕೊಡಲಾರದು. ಇಂದಿನ ಐಬೆಕ್ಸ್‌ಗಳೆಲ್ಲ ಬದುಕುಳಿದ ಅತಿ ಚಿಕ್ಕ ಹಿಂಡಿನ ಸಂತತಿಯಾದ್ದರಿಂದ ಅವುಗಳ ವಂಶವೈವಿಧ್ಯ ತೀರಾ ಬಡವಾಗಿದೆ. ಆದ್ದರಿಂದಲೇ ಬೆಟ್ಟದ ಮೃಗಾಲಯವನ್ನು ಎಷ್ಟು ಜನ ನೋಡಿದರು ಎಂಬ ಲೆಕ್ಕದಿಂದ ಅಳೆಯಬಾರದು. ಎಷ್ಟು ಬೇಗ ಸಾಕಲು ತೊಡಗಿತು, ಎಷ್ಟನ್ನು ಮರಳಿಸಿತು ಎಂಬುದೇ ಅದರ ಅಳತೆಗೋಲು.