ಕಲ್ಲೆಹದ ಪಟ್ಟಣ: ಮಾಗಡಿ ಸೀಮೆಯ ಕಲ್ಯದ ವಿಚಾರ

ಮಾಗಡಿಗೆ ಸಮೀಪದಲ್ಲಿ, ಬಂಡೆಗಲ್ಲಿನ ಗುಡ್ಡಗಳ ನಡುವೆ, ಕಲ್ಯವೆಂಬ ಒಂದು ಸಣ್ಣ ಗ್ರಾಮವಿದೆ. ಸಾವನದುರ್ಗವನ್ನು ನೋಡಲು ಬರುವವರೂ ಮಾಗಡಿಯ ರಂಗನಾಥಸ್ವಾಮಿಯ ಸೇವೆಗೆ ಬರುವವರೂ ಈ ಊರಿನ ಕಡೆಗೆ ತಿರುಗುವುದು ಅಪೂರ್ವ. ಆದರೆ ಕ್ರಿ.ಶ. ೧೩೬೮ರಲ್ಲಿ ವಿಜಯನಗರದ ಬುಕ್ಕರಾಯನ ಸಮ್ಮುಖದಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಒಂದು ದೊಡ್ಡ ವ್ಯಾಜ್ಯ ತೀರ್ಮಾನವಾದಾಗ ಈ ಊರು ಆನೆಯಗೊಂದಿ, ಪೆನುಗೊಂಡೆಗಳ ಸಾಲಿನಲ್ಲಿ ಹೆಸರು ಹೇಳಿಸಿಕೊಂಡಿತ್ತು. ಆ ತೀರ್ಪನ್ನು ಶ್ರವಣಬೆಳುಗೊಳದ ಶಾಸನವೆಂದು ಎಲ್ಲರೂ ಬಲ್ಲರು. ಪಾಠಪುಸ್ತಕಗಳಲ್ಲಿಯೂ ಅದರ ಪ್ರಸ್ತಾಪ ಉಂಟು. ಕಲ್ಯದಲ್ಲಿರುವ ಕಲ್ಲನ್ನಾದರೋ ಅದರ ಒಂದು ಪ್ರತಿಯೆಂದು ಹೇಳಿ ಮುಂದೆ ಸಾಗುವುದು ವಾಡಿಕೆಯಾಗಿಬಿಟ್ಟಿದೆ. ಈ ವಾಡಿಕೆ ಶಾಸನದ ವಾಕ್ಯಗಳಿಗೇ ವಿರುದ್ಧವಾದುದೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಕಲ್ಲುಗಳ ಸಂಗತಿ. ಬೆಳುಗೊಳದ ಶಾಸನವು ಭಂಡಾರ ಬಸದಿಯಲ್ಲಿದೆ. ಹೊಯ್ಸಳ ಒಂದನೆಯ ನರಸಿಂಹನ ಭಂಡಾರಿಯಾದ ಹುಳ್ಳನು ೧೧೫೯ರಲ್ಲಿ ಕಟ್ಟಿಸಿದ ಬಸದಿ ಅದು. ರೈಸ್ ಸಾಹೇಬರು ೧೮೮೯ರಲ್ಲಿ ಬೆಳುಗೊಳದ ಶಾಸನಗಳನ್ನು ಮುದ್ರಿಸಿದಾಗ ಇದಕ್ಕೆ ೧೩೬ನೆಯ ಸಂಖ್ಯೆಯನ್ನು ಕೊಟ್ಟರು. ಪ್ರಾಕ್ತನವಿಮರ್ಶವಿಚಕ್ಷಣ ನರಸಿಂಹಾಚಾರ್ಯರು ೧೯೨೩ರಲ್ಲಿ ಆ ಸಂಪುಟವನ್ನು ಪರಿಷ್ಕರಿಸಿದಾಗ ಅದು ೩೪೪ ಆಯಿತು. ಕಲ್ಯದ ಕಲ್ಲು ೧೯೦೫ರಲ್ಲಿ ಹೊರಬಂದ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಮಾಗಡಿಯ ೧೮ನೆಯ ಶಾಸನವಾಗಿ ಸೇರಿದೆ. ಕಾಲವು ಶಕವರ್ಷ ೧೨೯೦, ಕೀಲಕ ಸಂವತ್ಸರ, ಭಾದ್ರಪದ ಶುದ್ಧ ದಶಮಿ, ಬೃಹಸ್ಪತಿವಾರ. ಗಣಿತ ಮಾಡಿ ನೋಡಿದರೆ ಅದು ೧೩೬೮ನೆಯ ಆಗಸ್ಟ್ ೨೪ಕ್ಕೆ ಸರಿಹೊಂದುತ್ತದೆ. ಆ ದಿನ ಗುರುವಾರವೇ, ತಿಥಿಯೂ ದಶಮಿಯೇ. ತಿಥಿವಾರಗಳು ಹೀಗೆ ಕೂಡಿಬರುವುದು ಶಾಸನದ ಪ್ರಾಮಾಣ್ಯಕ್ಕೆ ಒಂದು ಬಲವಾದ ಆಧಾರ.

ವ್ಯಾಜ್ಯದ ಉಭಯಪಕ್ಷಗಳನ್ನು ಶಾಸನವು ಭವ್ಯರು, ಭಕ್ತರು ಎಂದು ಕರೆಯುತ್ತದೆ. ಭವ್ಯರೆಂದರೆ ಜೈನರು, ಭಕ್ತರೆಂದರೆ ಶ್ರೀವೈಷ್ಣವರು. ಭಕ್ತರು ತಮಗೆ ಮಾಡುವ ಅನ್ಯಾಯಗಳನ್ನು ಭವ್ಯರು ಅರಸನಿಗೆ ಬಿನ್ನಹ ಮಾಡಿದರು. ಬಿನ್ನಹ ಮಾಡಿದವರು ಯಾವ ಊರಿನವರು? ಆನೆಯಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಪಟ್ಟಣ: ಈ ನಾಲ್ಕು ಊರುಗಳೊಳಗಾದ ಸಮಸ್ತ ನಾಡುಗಳ ಭವ್ಯಜನರು. ಇವುಗಳಲ್ಲಿ ಹೊಸಪಟ್ಟಣ ಯಾವುದೆಂಬಲ್ಲಿ ವಿದ್ವಾಂಸರಿಗೆ ಮತಭೇದವುಂಟು. ಅದು ಈಗ ನಮಗೆ ಬೇಡ. ಈ ನಾಲ್ಕರಲ್ಲಿ ಬೆಳುಗೊಳದ ಹೆಸರೇ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಬೆಳುಗೊಳದ ದೇವರು ತೀರ್ಪಿನ ಒಂದು ಭಾಗದಲ್ಲಿ ಬರುತ್ತಾನೆಯೇ ಹೊರತು, ಮೊರೆಯಿಟ್ಟವರ ಪಟ್ಟಿಯಲ್ಲಿ ಆ ಊರು ಕಾಣುವುದಿಲ್ಲ.

ಕಲ್ಲೆಹವೇ ಕಲ್ಯವೆನ್ನಲು ಪ್ರಮಾಣವೇನೆಂದು ಕೇಳಬಹುದು. ಶಬ್ದದಿಂದ ಆರಂಭಿಸೋಣ. ‘ಕಲ್ಲೆಹ’ ಎಂಬಲ್ಲಿ ಎರಡು ಸ್ವರಗಳ ನಡುವೆ ನಿಂತ ಹಕಾರವು ನುಡಿಯಲ್ಲಿ ಸವೆದುಹೋದರೆ ಎಕಾರಕ್ಕೆ ಎದುರಾಗಿ ಅಕಾರವೊಂದೇ ಉಳಿಯುತ್ತದೆ. ಅಲ್ಲಿ ಯಕಾರಾಗಮವಾಗುವುದು ಕೇಶಿರಾಜನನ್ನು ಓದಿದ ಬಾಲಕರಿಗೂ ತಿಳಿದ ಸಂಧಿ. ಹೀಗೆ ‘ಕಲ್ಲೆಯ’ವಾಗಿ, ಬಳಿಕ ಎಕಾರವೂ ಕುಗ್ಗಿ ‘ಕಲ್ಯ’ವಾಗುತ್ತದೆ. ವೀರಶೈವ ಪರಂಪರೆಯಲ್ಲಿ ಈ ಊರಿಗೆ ಕಲಿಕೆ, ಕಲಿಕೆಯ ಎಂಬ ರೂಪಗಳಿರುವುದೂ ಈ ನಡುವಣ ಅವಸ್ಥೆಯನ್ನೇ ಸೂಚಿಸುವಂತಿದೆ. ಅಮರಕೋಶದಲ್ಲಿ ‘ಕಲ್ಯ’ ಶಬ್ದಕ್ಕೆ ಪ್ರಾತಃಕಾಲವೆಂದೂ ನಿರೋಗಿಯೆಂದೂ ಅರ್ಥವಿದೆಯೆಂದು ಹೇಳಿ ಈ ಊರಿಗೆ ಸಂಸ್ಕೃತದ ಹುಟ್ಟನ್ನು ಕಲ್ಪಿಸಬಯಸುವವರು ನಮ್ಮ ಪಾಠಶಾಲೆಗಳ ಕಡೆ ಇಲ್ಲದಿಲ್ಲ. ಊರ ಸುತ್ತ ಇಷ್ಟೊಂದು ಕಲ್ಲಿರುವಾಗ ಕೋಶವನ್ನು ತೆರೆಯುವ ಶ್ರಮವೇಕೆ?

ಶಬ್ದಸಾಮ್ಯವೊಂದರಿಂದಲೇ ಸ್ಥಳನಿರ್ಣಯ ಮಾಡುವುದು ಅಪಾಯಕರವೆಂಬುದು ನಿಜ. ಆದರೆ ಇಲ್ಲಿ ಕಲ್ಲೇ ಸಾಕ್ಷಿಯಾಗಿ ನಿಂತಿದೆ. ಕಲ್ಲೆಹದ ಭವ್ಯರು ಪಡೆದ ತೀರ್ಪು ಕಲ್ಯದಲ್ಲಿ ದೊರೆತಿದೆ. ಹೆಸರು ಹೆಸರಿಗೆ, ಶಾಸನ ಶಾಸನಕ್ಕೆ ಕೂಡುತ್ತದೆ. ಇದಲ್ಲದೆ ಮೂರನೆಯ ಆಧಾರವೊಂದು ಬೆಳುಗೊಳದ ಕಲ್ಲಿನಲ್ಲಿಯೇ ಇದೆ. ಕಲ್ಲೆಹದ ಹರ್ವಿಸೆಟ್ಟಿಯ ಮಗನಾದ ಬುಸುವಿಸೆಟ್ಟಿಯು ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಬಿಜಯಂಗೈಸಿ ಕರೆತಂದು, ಜೀರ್ಣೋದ್ಧಾರವನ್ನು ಮಾಡಿಸಿದನೆಂದೂ, ಉಭಯ ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರೆಂದೂ ಅಲ್ಲಿ ಹೇಳಿದೆ. ಬೆಳುಗೊಳದ ಬಸದಿಯ ಕಲ್ಲಿನಲ್ಲಿ ಹೀಗೆ ಹೆಸರು ಕೊರೆಯಿಸಿಕೊಂಡ ವರ್ತಕನು ಕಲ್ಯದವನು. ಪಟ್ಟಣವೆಂಬ ಮಾತೂ ಸೆಟ್ಟಿಯೆಂಬ ಮಾತೂ ಒಂದನ್ನೊಂದು ಬೆಂಬಲಿಸುತ್ತವೆ. ಈಗ ಹೊಲಗದ್ದೆಗಳ ಗ್ರಾಮವಾಗಿರುವ ಊರು ಅಂದು ವರ್ತಕರ ಪಟ್ಟಣವಾಗಿತ್ತು.

ಇನ್ನು ತೀರ್ಪಿನ ಒಳಹೊಕ್ಕು ನೋಡೋಣ. ಅರಸನು ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ, ಕೋವಿಲು, ತಿರುಮಲೆ, ಪೆರುಮಾಳ್ ಕೋವಿಲು, ತಿರುನಾರಾಯಣಪುರ ಮುಖ್ಯವಾದ ಸ್ಥಾನಗಳ ಆಚಾರ್ಯರನ್ನೂ ಕೂಡಿಸಿದನು. ಕೋವಿಲೆಂದರೆ ಶ್ರೀರಂಗ, ಪೆರುಮಾಳ್ ಕೋವಿಲೆಂದರೆ ಕಂಚಿ, ತಿರುನಾರಾಯಣಪುರವೆಂದರೆ ನಮ್ಮ ಮೇಲುಕೋಟೆ. ಮಾಗಡಿಯಲ್ಲಿಯೂ ರಂಗನಾಥನ ಗುಡಿಯಿರುವ ಕಡೆಗೆ ತಿರುಮಲೆಯೆಂದೇ ಹೆಸರಿರುವುದರಿಂದ ತಾತಯ್ಯನು ಅಲ್ಲಿಯವನೆಂದು ಸ್ಥಳೀಯರು ಭ್ರಮಿಸಲು ಅವಕಾಶವುಂಟು. ಆದರೆ ಶ್ರೀರಂಗ, ಕಂಚಿಗಳ ನಡುವೆ ಪಠಿತವಾದ ತಿರುಮಲೆಯು ತಿರುಪತಿಯೇ ಹೊರತು ಮತ್ತೊಂದಾಗಲಾರದು. ತಾತಾಚಾರ್ಯರ ವಂಶದವರು ತಮ್ಮ ಮೂಲವನ್ನು ಹೇಳಿಕೊಳ್ಳುವುದು ರಾಮಾನುಜರ ಸೋದರಮಾವನಾದ ತಿರುಮಲೆನಂಬಿಯಿಂದಲೇ. ಸಭೆಯಲ್ಲಿ ಆಚಾರ್ಯರು ಮಾತ್ರ ಇರಲಿಲ್ಲ. ದೇವಾಲಯದ ನೀರು ಹೊರುವವರೂ ಬೇರೆ ಬೇರೆ ಊಳಿಗದವರೂ ಅಲ್ಲಿದ್ದರು. ತಿರಿಕುಲ, ಜಾಂಬವಕುಲಗಳವರೂ ಪಟ್ಟಿಯಲ್ಲಿದ್ದಾರೆ. ಮೇಲುಕೋಟೆಯ ಗುಡಿಯಲ್ಲಿ ವರ್ಷದ ಕೆಲವು ದಿನ ಪ್ರವೇಶದ ಹಕ್ಕು ಪಡೆದಿದ್ದ ತಿರುಕುಲದವರು ಇವರೇ ಎಂಬುದು ಸ್ಪಷ್ಟ. ಅರಸನ ಮಾತಿಗೆ ಇವರೂ ಬದ್ಧರಾಗಬೇಕಾಗಿತ್ತು. ಬೀದಿಯಲ್ಲಿ ಜಗಳ ನಡೆದರೆ ಮುಂದಾಳಾಗಿ ನಿಲ್ಲುವವರು ಆಚಾರ್ಯರಲ್ಲವಷ್ಟೆ.

ಜೈನರ ಕೈಯನ್ನು ಹಿಡಿದು ಅರಸನು ವೈಷ್ಣವರ ಕೈಯಲ್ಲಿ ಕೊಟ್ಟನು. ವೈಷ್ಣವದರ್ಶನಕ್ಕೂ ಜೈನದರ್ಶನಕ್ಕೂ ಭೇದವಿಲ್ಲವೆಂದನು. ಎಲ್ಲರೂ ಕೊಂಡಾಡುವುದು ಈ ಭಾಗವನ್ನೇ. ಮೀಮಾಂಸಕರು ವೇದವಾಕ್ಯಗಳನ್ನು ವಿಧಿಯೆಂದೂ ಅರ್ಥವಾದವೆಂದೂ ವಿಭಾಗಿಸುತ್ತಾರೆ. ಮಾಡತಕ್ಕುದನ್ನು ಹೇಳುವುದು ವಿಧಿ. ಅದನ್ನು ಸ್ತುತಿಸಿ ಮನಸ್ಸನ್ನು ಒಲಿಸುವುದು ಅರ್ಥವಾದ. ಈ ಕ್ರಮದಿಂದ ಓದಿದರೆ, ಭೇದವಿಲ್ಲವೆಂಬ ಮಾತು ಎಷ್ಟು ಮನೋಹರವಾದರೂ ಅರ್ಥವಾದದ ಸ್ಥಾನದಲ್ಲಿಯೇ ನಿಲ್ಲುತ್ತದೆ. ಅರಸನಿಗೂ ಆ ಎರಡು ದರ್ಶನಗಳ ಭೇದ ತಿಳಿಯದೆ ಇರಲಿಲ್ಲ. ಶಾಸನದ ಆರಂಭದಲ್ಲಿಯೇ ರಾಮಾನುಜರನ್ನು ಪಾಷಂಡರೆಂಬ ಸಮುದ್ರಕ್ಕೆ ಬಡಬಾಗ್ನಿಯೆಂದು ಹೊಗಳುವ ಸಂಸ್ಕೃತ ಶ್ಲೋಕವಿದೆ. ಬಸದಿಯೊಳಗೆ ನೆಡುವ ಕಲ್ಲಿನ ಮೇಲೆ ಈ ಶ್ಲೋಕ! ಅದನ್ನು ಬರೆಯಿಸಿದವರು ಯಾರೆಂಬುದನ್ನು ಊಹಿಸುವುದು ಕಷ್ಟವಲ್ಲ.

ಹಾಗಾದರೆ ವಿಧಿಭಾಗ ಯಾವುದು? ಜೈನದರ್ಶನಕ್ಕೆ ಪೂರ್ವಮರ್ಯಾದೆಯಂತೆ ಪಂಚಮಹಾವಾದ್ಯಗಳೂ ಕಲಶವೂ ಸಲ್ಲತಕ್ಕುವೆಂಬುದು ಒಂದು. ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆಗಳೇ ಪಂಚಮಹಾವಾದ್ಯಗಳೆಂದು ಒಂದು ಪರಿಗಣನೆಯುಂಟು. ವಾದ್ಯದ ಸಾಹಚರ್ಯದಿಂದ ಕಲಶವನ್ನೂ ಉತ್ಸವದಲ್ಲಿ ಹಿಡಿಯುವ ಪೂರ್ಣಕುಂಭವೆಂದು ಗ್ರಹಿಸುವುದು ಉಚಿತ. ಇದರಿಂದ ಜಗಳದ ಮೂಲವೂ ಹೊರಬೀಳುತ್ತದೆ: ಕಲಹ ಹುಟ್ಟಿದ್ದು ಸ್ಯಾದ್ವಾದ, ವಿಶಿಷ್ಟಾದ್ವೈತಗಳ ವಿಚಾರದಲ್ಲಿ ಅಲ್ಲ, ಬೀದಿಯಲ್ಲಿ ಯಾರ ಮೆರವಣಿಗೆಗೆ ಯಾವ ವಾದ್ಯ ಎಂಬುದರಲ್ಲಿ.

ಎರಡನೆಯ ವಿಧಿ ದ್ರವ್ಯದ್ದು. ರಾಜ್ಯದಲ್ಲಿರುವ ಜೈನರು ಮನೆಮನೆಗೆ ವರ್ಷಕ್ಕೆ ಒಂದು ಹಣದಂತೆ ಎತ್ತಿ ಕೊಡಬೇಕು. ತಿರುಮಲೆಯ ತಾತಯ್ಯನು ಅದರಿಂದ ಬೆಳುಗೊಳದ ದೇವರ ಅಂಗರಕ್ಷೆಗಾಗಿ ೨೦ ಆಳುಗಳನ್ನು ನೇಮಿಸಬೇಕು. ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಧೆಯನ್ನಿಡಿಸಬೇಕು. ಹಣವೆಂದರೆ ಅಂದಿನ ವರಹದ ಹತ್ತನೆಯ ಒಂದು ಪಾಲು. ಇಲ್ಲಿ ನಿಷ್ಪಕ್ಷಪಾತವಾಗಿ ಒಂದು ಮಾತನ್ನು ಹೇಳಲೇಬೇಕು. ಅನ್ಯಾಯಕ್ಕೆ ಒಳಗಾದವರು ಭವ್ಯರು. ರಕ್ಷಣೆಯ ವೆಚ್ಚವನ್ನು ತೆತ್ತವರೂ ಅವರೇ. ಅನ್ಯಾಯ ಮಾಡಿದವರಿಗೆ ದಂಡವನ್ನು ವಿಧಿಸಿದ ಮಾತು ತೀರ್ಪಿನಲ್ಲಿಲ್ಲ. ಈ ಶಾಸನವನ್ನು ಸರ್ವಧರ್ಮಸಮನ್ವಯದ ನಿದರ್ಶನವೆಂದು ಹೊಗಳುವವರು ಈ ಅಂಶವನ್ನು ಬಿಟ್ಟುಬಿಡುತ್ತಾರೆ. ಇದು ಕೇವಲ ಬಲಾತ್ಕಾರದ ಸುಂಕವೆನ್ನುವವರಾದರೋ ಮಿಕ್ಕ ಹಣದ ವಿನಿಯೋಗವನ್ನು ಬಿಟ್ಟುಬಿಡುತ್ತಾರೆ. ನಮಗೆ ತೋರುವುದೇನೆಂದರೆ, ಬುಕ್ಕರಾಯನು ಉಪದೇಶವನ್ನು ನಂಬಲಿಲ್ಲ, ಭಾರವನ್ನು ಹೊರಿಸಿದನು. ಹಾನಿ ಮಾಡಬಲ್ಲ ಪಕ್ಷದ ಹಿರಿಯನನ್ನೇ ಕಾವಲಿಗೆ ಹೊಣೆಮಾಡಿ, ಹಣವನ್ನೂ ಅವನ ಕೈಗೆ ಬರುವಂತೆ ಮಾಡಿದರೆ, ಬಸದಿಗೆ ಬಂದ ಹಾನಿ ಅವನ ಮರ್ಯಾದೆಗೆ ಬಂದ ಹಾನಿಯಾಗುತ್ತದೆ. ಜೈನದರ್ಶನಕ್ಕೆ ಭಕ್ತರ ದೆಸೆಯಿಂದ ಹಾನಿವೃದ್ಧಿಗಳಾದರೆ ಅವು ವೈಷ್ಣವದರ್ಶನದ ಹಾನಿವೃದ್ಧಿಗಳೆಂದೇ ಪಾಲಿಸಬೇಕೆಂದು ಶಾಸನವು ಹೇಳುವುದರ ತಾತ್ಪರ್ಯ ಇದೇ. ಇದನ್ನು ಕೆಡಿಸಿದವನು, ತಪಸ್ವಿಯಾಗಲಿ ಗ್ರಾಮಣಿಯಾಗಲಿ, ಗಂಗೆಯ ತಡಿಯಲ್ಲಿ ಕಪಿಲೆಯನ್ನೂ ಬ್ರಾಹ್ಮಣನನ್ನೂ ಕೊಂದ ಪಾಪಕ್ಕೆ ಗುರಿ.

ಮೂರನೆಯ ವಿಧಿಯು ನಮ್ಮ ಪ್ರಕೃತ ವಿಷಯಕ್ಕೆ ಅತ್ಯಂತ ಮುಖ್ಯವಾದುದು. ರಾಜ್ಯದೊಳಗಿನ ಎಲ್ಲಾ ಬಸ್ತಿಗಳಲ್ಲಿಯೂ ಶ್ರೀವೈಷ್ಣವರು ಈ ಶಾಸನವನ್ನು ನೆಟ್ಟು ಪಾಲಿಸತಕ್ಕುದೆಂದು ಅರಸನು ನಿರೂಪಿಸಿದ್ದಾನೆ. ಅಂದಮೇಲೆ ಕಲ್ಯದ ಕಲ್ಲು ಬೆಳುಗೊಳದ್ದರ ಪ್ರತಿಯೆಂಬ ಮಾತು ನಿಲ್ಲುವುದಿಲ್ಲ. ಎರಡೂ ಒಂದೇ ಆಜ್ಞೆಯ ಫಲಗಳು. ಒಂದು ಮೂಲ, ಮತ್ತೊಂದು ನಕಲು ಎಂಬ ತಾರತಮ್ಯಕ್ಕೆ ಶಾಸನದಲ್ಲಿ ಆಧಾರವಿಲ್ಲ. ಕಲ್ಯದಲ್ಲಿ ಅಂದು ಬಸದಿಯಿತ್ತೆಂಬುದೂ ಇದರಿಂದಲೇ ಸಿದ್ಧಿಸುತ್ತದೆ. ಕಲ್ಲನ್ನು ಬೇರೆಲ್ಲಿಂದಲೋ ತಂದಿರಬಾರದೇಕೆ ಎಂಬ ಆಕ್ಷೇಪಕ್ಕೆ ಹೆಸರಿನ ಸಾಮ್ಯವೂ ಸೆಟ್ಟಿಯ ಊರೂ ಸೇರಿ ಉತ್ತರ ಕೊಡುತ್ತವೆ.

ಬುಸುವಿಸೆಟ್ಟಿಯು ಜೀರ್ಣೋದ್ಧಾರ ಮಾಡಿಸಿದ್ದು ಏನನ್ನು ಎಂಬುದನ್ನು ವಾಕ್ಯವು ಬಿಡಿಸಿ ಹೇಳುವುದಿಲ್ಲ. ಶಾಸನವನ್ನೇ ಎಂದು ಕೆಲವರು ಅರ್ಥಮಾಡಿದ್ದಾರೆ. ಆದರೆ ಜೀರ್ಣೋದ್ಧಾರ ಶಬ್ದವು ಆಗಮಗ್ರಂಥಗಳಲ್ಲಿ ದೇವಾಲಯ, ವಿಗ್ರಹಗಳಿಗೆ ರೂಢವಾದುದು. ಅದೇ ಶಾಸನದಲ್ಲಿ ಜೀರ್ಣ ಜಿನಾಲಯಗಳ ಮಾತು ಹಿಂದೆ ಬಂದಿರುವುದರಿಂದ ಸಂನಿಧಿಬಲದಿಂದ ಇಲ್ಲಿಯೂ ಬಸದಿಗಳನ್ನೇ ಗ್ರಹಿಸುವುದು ಮೇಲು. ತಾತಯ್ಯನನ್ನು ಕರೆತರಿಸಬೇಕಾದ ಅವಶ್ಯಕತೆಯೂ ಆಗ ಹೊಂದುತ್ತದೆ. ಮಿಕ್ಕ ಹಣ ಅವನ ವಶದಲ್ಲಿತ್ತು. ಆಜ್ಞೆಯು ಕಲ್ಲಿನ ಮೇಲಿದ್ದರೆ ಸಾಲದು, ಹಣವು ಗೋಡೆಗೆ ಬರಬೇಕೆಂದು ಕಲ್ಯದ ವರ್ತಕನು ಬೆನ್ನುಹತ್ತಿ ಕೆಲಸ ಮಾಡಿಸಿದನೆಂದು ಊಹಿಸಬಹುದು. ಉಭಯ ಸಮಯದವರೂ ಕೂಡಿ ಪಟ್ಟ ಕಟ್ಟಿದ್ದು ಇಂಥ ಕಾರ್ಯವಾಸಿಗಾದರೆ ಅದು ಸಹಜವಾಗಿಯೇ ಇದೆ.

ಕಲ್ಯವು ಜೈನರಿಗೆ ಮಾತ್ರ ಸಂಬಂಧಪಟ್ಟ ಊರಲ್ಲ. ತೆಲುಗಿನಲ್ಲಿ ಬಸವಪುರಾಣ, ಪಂಡಿತಾರಾಧ್ಯಚರಿತ್ರಗಳನ್ನು ರಚಿಸಿದ, ಕನ್ನಡ ಸಂಸ್ಕೃತಗಳಲ್ಲಿಯೂ ಬರೆದ ಪಾಲ್ಕುರಿಕೆ ಸೋಮನಾಥನು ಕೊನೆಗಾಲವನ್ನು ಇಲ್ಲಿ ಕಳೆದು ಲಿಂಗೈಕ್ಯನಾದನೆಂದು ಪರಂಪರೆ ಹೇಳುತ್ತದೆ. ಅವನದೆನ್ನುವ ಗದ್ದುಗೆಯೂ ಇಲ್ಲಿದೆ. ಸೋಮನಾಥನ ಕಾಲದ ವಿಷಯದಲ್ಲಿ ಒಂದನೆಯ ಪ್ರತಾಪರುದ್ರನೋ ಎರಡನೆಯವನೋ ಎಂಬ ವಾದ ಇನ್ನೂ ಮುಗಿದಿಲ್ಲ. ಅವನ ಬಸವಪುರಾಣವನ್ನು ಭೀಮಕವಿಯು ಕನ್ನಡಿಸಿ ಮುಗಿಸಿದ್ದು ೧೩೬೯ರಲ್ಲಿ, ಅಂದರೆ ನಮ್ಮ ತೀರ್ಪಾದ ಮರುವರ್ಷ. ಎರಡಕ್ಕೂ ಕಾರ್ಯಕಾರಣಭಾವವನ್ನು ಕಲ್ಪಿಸುವುದು ಸಾಹಸವಾದೀತು. ಆದರೆ ಜೈನ ವರ್ತಕರು ಬಸದಿಯ ರಕ್ಷಣೆಗೆ ವೈಷ್ಣವ ಆಚಾರ್ಯನನ್ನು ಕರೆತರುತ್ತಿದ್ದ ಊರಿನಲ್ಲಿಯೇ ವೀರಶೈವ ಕವಿಯೊಬ್ಬನ ಗದ್ದುಗೆಗೆ ಪೂಜೆ ಸಲ್ಲುತ್ತ ಬಂದಿರುವುದು ಗಮನಾರ್ಹವಾದುದು. ಮುಂದೆ ಕೆಂಪೇಗೌಡನ ವಂಶದವರು ೧೬೩೮ರಲ್ಲಿ ಬೆಂಗಳೂರನ್ನು ಬಿಜಾಪುರದವರಿಗೆ ಬಿಟ್ಟು ಮಾಗಡಿಯಲ್ಲಿ ನೆಲಸಿದ ಮೇಲೆ ಈ ಸೀಮೆಯ ಮುಖ್ಯಪಟ್ಟಣ ಮಾಗಡಿಯೇ ಆಯಿತು.

ವಿದ್ವಾಂಸರಲ್ಲಿ ಎರಡು ಪ್ರಾರ್ಥನೆ. ಮಾಗಡಿ ೧೮ ಮತ್ತು ಬೆಳುಗೊಳ ೩೪೪ನ್ನು ಎದುರುಬದುರಾಗಿ ಮುದ್ರಿಸಿ ಪಾಠಾಂತರಗಳನ್ನು ಅಕ್ಷರಶಃ ತೋರಿಸುವ ಪರಿಷ್ಕರಣವೊಂದು ಬೇಕಾಗಿದೆ. ಮತ್ತು ಎಲ್ಲಾ ಬಸ್ತಿಗಳಲ್ಲಿಯೂ ನೆಡಬೇಕೆಂದು ವಿಧಿಸಿದ ಶಾಸನದಲ್ಲಿ ಈಗ ಪ್ರಸಿದ್ಧವಾಗಿರುವ ಕಲ್ಲುಗಳು ಎರಡೇ. ಬಿನ್ನಹ ಮಾಡಿದ ನಾಲ್ಕು ಊರುಗಳಲ್ಲಿ ಕಲ್ಯದ ಕಲ್ಲು ದೊರೆತಿರುವುದರಿಂದ, ಪೆನುಗೊಂಡೆಯ ಹಾಗೂ ಆನೆಗೊಂದಿಯ ಹಳೆಯ ಬಸದಿಗಳ ಸುತ್ತಮುತ್ತ, ಕೆರೆಯ ಏರಿ, ತೂಬು, ಮನೆಗಳ ಚಪ್ಪಡಿಗಳನ್ನೂ ಬಿಡದೆ, ಮೊದಲು ಹುಡುಕತಕ್ಕುದು.