ಕದನಗಳ ಲೆಕ್ಕ ಬರೆದ ಗಣಿತಜ್ಞ

ರಾಷ್ಟ್ರರಕ್ಷಣೆಯ ನೀತಿಯನ್ನು ಕುರಿತ ಗ್ರಂಥಗಳಲ್ಲಿ ಬಹುಪಾಲು, ಯಾವ ಆಯುಧದಿಂದ ಯಾವ ಶತ್ರುವನ್ನು ತಡೆಯಬಹುದೆಂಬ ಪ್ರಶ್ನೆಯಿಂದ ಹೊರಡುತ್ತವೆ. ಆಯುಧಸಂಗ್ರಹದಿಂದ ಭಯವು ಕಡಿಮೆಯಾಗುವುದೋ ಹೆಚ್ಚುವುದೋ, ಹೆಚ್ಚುವುದಾದರೆ ಎಷ್ಟು ಎಂಬುದನ್ನು ಗಣಿತದ ಮೂಲಕ ಕೇಳಿದ ಮೊದಲಿಗರಲ್ಲಿ ಇಂಗ್ಲೆಂಡಿನ ಲ್ಯೂಯಿಸ್ ಫ್ರೈ ರಿಚರ್ಡ್‌ಸನ್ (1881-1953) ಪ್ರಮುಖರು. ಅವರು ಸೇನಾಧಿಕಾರಿಯಲ್ಲ, ರಾಜತಂತ್ರಜ್ಞರೂ ಅಲ್ಲ. ವೃತ್ತಿಯಿಂದ ಹವಾಮಾನ ವಿಜ್ಞಾನಿ. ಹುಟ್ಟಿನಿಂದ, ನಂಬಿಕೆಯಿಂದ ಕ್ವೇಕರ್ ಪಂಥದವರು. ಶಸ್ತ್ರವನ್ನು ಹಿಡಿಯಬಾರದೆಂಬುದು ಆ ಪಂಥದವರು ಶತಮಾನಗಳಿಂದ ಪಾಲಿಸಿಕೊಂಡು ಬಂದ ನಿಯಮ.

ಮೊದಲನೆಯ ಮಹಾಯುದ್ಧದ ನಡುವೆ, 1916ರಲ್ಲಿ, ರಿಚರ್ಡ್‌ಸನ್ನರು ಹವಾಮಾನ ಇಲಾಖೆಯ ಹುದ್ದೆಯನ್ನು ತ್ಯಜಿಸಿ ಕ್ವೇಕರರ ಆಂಬುಲೆನ್ಸ್ ದಳವನ್ನು ಸೇರಿದರು. ಫ್ರೆಂಚ್ ಸೇನೆಯ ಒಂದು ವಿಭಾಗದ ಹಿಂದೆ ಗಾಯಾಳುಗಳನ್ನು ಸಾಗಿಸುವ ಮೋಟಾರನ್ನು ನಡೆಸುವುದು ಅವರ ಕೆಲಸವಾಯಿತು. ಬಿಡುವಿನ ವೇಳೆಯಲ್ಲಿ, ಹುಲ್ಲಿನ ಮೆದೆಯನ್ನೇ ಮೇಜಾಗಿಸಿಕೊಂಡು, ಗಣಿತದಿಂದ ಹವೆಯನ್ನು ಮುಂಗಾಣುವ ವಿಧಾನವನ್ನು ಪರೀಕ್ಷಿಸುತ್ತಿದ್ದರು. 1917ರ ಷಾಂಪೇನ್ ಕಾಳಗದ ಗಡಿಬಿಡಿಯಲ್ಲಿ ಆ ಹಸ್ತಪ್ರತಿಯು ಕಳೆದುಹೋಗಿ, ತಿಂಗಳುಗಳ ತರುವಾಯ ಬೆಲ್ಜಿಯಂನಲ್ಲಿ ಒಂದು ಕಲ್ಲಿದ್ದಲ ರಾಶಿಯ ಅಡಿಯಲ್ಲಿ ದೊರೆಯಿತು. 1922ರಲ್ಲಿ ಅದು ಗ್ರಂಥವಾಗಿ ಪ್ರಕಟವಾಯಿತು. ಇಂದು ಗಣಕಯಂತ್ರಗಳು ನೀಡುವ ಹವಾಮಾನ ಮುನ್ಸೂಚನೆಗೆ ಮೂಲವೆಂದು ಅದನ್ನೇ ಹೇಳುತ್ತಾರೆ.

ಇಷ್ಟರಿಂದಲೇ ಅವರ ಕೀರ್ತಿ ಉಳಿಯುತ್ತಿತ್ತು. ಆದರೆ 1920ರಲ್ಲಿ ಹವಾಮಾನ ಇಲಾಖೆಯನ್ನು ವಾಯುಪಡೆಯ ಮಂತ್ರಾಲಯದ ಅಧೀನಕ್ಕೆ ತಂದಾಗ, ಯುದ್ಧಾನಂತರ ಮರಳಿ ಸೇರಿದ್ದ ಹುದ್ದೆಯನ್ನು ಅವರು ಮತ್ತೊಮ್ಮೆ ಬಿಟ್ಟರು. ತಮ್ಮ ವಾಯುಮಂಡಲದ ಸಂಶೋಧನೆಯಲ್ಲಿ ಎಲ್ಲರಿಗಿಂತ ಹೆಚ್ಚು ಆಸಕ್ತಿ ವಿಷಾನಿಲದ ತಜ್ಞರಿಗೇ ಇದೆಯೆಂದು ತಿಳಿದಾಗ ಅದನ್ನು ನಿಲ್ಲಿಸಿ, ಅಪ್ರಕಟಿತ ಬರಹಗಳನ್ನು ನಾಶಮಾಡಿದರೆಂದು ಅವರ ಪತ್ನಿ ನೆನೆದಿದ್ದಾರೆ. ಜ್ಞಾನವು ನಿರ್ದೋಷಿ, ಅದನ್ನು ಬಳಸುವವನದೇ ಹೊಣೆ ಎಂದು ಹೇಳಿ ಕೈತೊಳೆದುಕೊಳ್ಳುವುದು ವಿದ್ವಾಂಸರಿಗೆ ಸುಲಭ. ಆ ಸಮಾಧಾನವನ್ನು ರಿಚರ್ಡ್‌ಸನ್ನರು ಒಪ್ಪಲಿಲ್ಲ. ನಲವತ್ತು ದಾಟಿದ ಮೇಲೆ ಮನಶ್ಶಾಸ್ತ್ರವನ್ನು ಓದತೊಡಗಿ 1929ರಲ್ಲಿ ಪದವಿ ಪಡೆದರು. ಯುದ್ಧದ ಕಾರಣಗಳನ್ನೇ ಅಧ್ಯಯನ ಮಾಡಬೇಕೆಂದು 1940ರಲ್ಲಿ ಪೇಸ್ಲಿಯ ತಾಂತ್ರಿಕ ಕಾಲೇಜಿನ ಪ್ರಾಂಶುಪಾಲ ಹುದ್ದೆಯಿಂದ ಅವಧಿಗೆ ಮುಂಚೆಯೇ ನಿವೃತ್ತರಾದರು.

ಅವರ ಸೂತ್ರದ ತಿರುಳನ್ನು ಮಾತಿನಲ್ಲಿ ಹೀಗೆ ಹೇಳಬಹುದು. ನೆರೆಯ ರಾಷ್ಟ್ರದ ಆಯುಧಗಳು ನನ್ನ ಆಯುಧಗಳನ್ನು ಹೆಚ್ಚಿಸುತ್ತವೆ; ವೆಚ್ಚದ ಆಯಾಸವು ಅವನ್ನು ತಗ್ಗಿಸುತ್ತದೆ; ಇವೆರಡರ ಜೊತೆಗೆ ಹಳೆಯ ಅಸಮಾಧಾನವೊಂದು ಸ್ಥಿರವಾಗಿ ಕುಳಿತಿರುತ್ತದೆ. ಇತ್ತಂಡಗಳಲ್ಲಿಯೂ ಆಯಾಸಕ್ಕಿಂತ ಭಯವು ಬಲವಾದರೆ ಪೈಪೋಟಿಗೆ ತಡೆಯೇ ಇರದು. ಇನ್ನೊಂದು ಫಲಿತಾಂಶವನ್ನು ವಾಚಕರು ವಿಶೇಷವಾಗಿ ಗಮನಿಸಬೇಕು: ಇಬ್ಬರೂ ಒಂದೇ ದಿನ ಎಲ್ಲ ಆಯುಧಗಳನ್ನು ಕೆಳಗಿಟ್ಟರೂ, ಅಸಮಾಧಾನ ಉಳಿದಿದ್ದರೆ ಮರುದಿನವೇ ಅವು ಮತ್ತೆ ಬೆಳೆಯತೊಡಗುತ್ತವೆ. ಮನಸ್ಸಿನಲ್ಲಿ ಉಳಿದ ವೈರವನ್ನು ಆಯುಧತ್ಯಾಗವೊಂದೇ ಕಳೆಯಲಾರದೆಂಬುದು ಇಲ್ಲಿ ಲೆಕ್ಕದಿಂದಲೇ ಹೊರಡುತ್ತದೆ.

ಫ್ರಾನ್ಸ್ ಹಾಗೂ ರಷ್ಯಾ ಒಂದು ಕಡೆ, ಜರ್ಮನಿ ಹಾಗೂ ಆಸ್ಟ್ರಿಯಾ-ಹಂಗೆರಿ ಇನ್ನೊಂದು ಕಡೆ ಇದ್ದ ಕಾಲದಲ್ಲಿ, 1909ರಿಂದ 1913ರವರೆಗೆ, ಈ ನಾಲ್ವರ ಒಟ್ಟು ಸೇನಾವೆಚ್ಚ ಸುಮಾರು 20 ಕೋಟಿ ಪೌಂಡಿನಿಂದ 29 ಕೋಟಿಯಷ್ಟಕ್ಕೆ ಏರಿತು. ವರ್ಷವರ್ಷದ ಏರಿಕೆಯು ಅವರ ಸೂತ್ರ ಹೇಳಿದ ಸರಳರೇಖೆಯ ಮೇಲೆಯೇ ಬಂದು ಕುಳಿತಿತು. ನಾಲ್ಕೇ ಬಿಂದುಗಳ ಮೇಲೆ ಎಳೆದ ಗೆರೆ ಅದು. ಅದರ ಮೇಲೆ ಅತಿಭಾರ ಹೇರುವುದು ತರವಲ್ಲ. ರಾಜರೂ ಮಂತ್ರಿಗಳೂ ಯಂತ್ರಗಳೇ ಎಂಬ ಆಕ್ಷೇಪಣೆಯೂ ಬಂದಿತು. ಜನರು ನಿಂತು ಯೋಚಿಸದೆ ಹೋದರೆ ಏನಾಗುವುದೋ ಅದನ್ನಷ್ಟೇ ತಮ್ಮ ಸಮೀಕರಣಗಳು ಹೇಳುತ್ತವೆಂಬುದು ರಿಚರ್ಡ್‌ಸನ್ನರ ಉತ್ತರವಾಗಿತ್ತು.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮಹತ್ವದ್ದು ಅವರ ಎರಡನೆಯ ಕೆಲಸ. 1820ರಿಂದೀಚೆಗೆ ನಡೆದ ಮಾರಕ ಕಲಹಗಳನ್ನೆಲ್ಲ ಅವರು ಪಟ್ಟಿಮಾಡಿದರು. ಒಂಟಿ ಕೊಲೆಯಿಂದ ಮಹಾಯುದ್ಧದವರೆಗೆ ಎಲ್ಲಕ್ಕೂ ಒಂದೇ ಅಳತೆಗೋಲು: ಒಂದು ಸಾವಿಗೆ ಸೊನ್ನೆ, ಹತ್ತು ಸಾವಿರಕ್ಕೆ ನಾಲ್ಕು, ಕೋಟಿಗೆ ಏಳು. ಯೋಧನನ್ನೂ ಕೊಲೆಗಾರನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆಂದು ಯಾರಾದರೂ ನೊಂದುಕೊಂಡರೆ ಅದು ಸಹಜವೇ. ಆದರೆ ಒಂದು ಪಕ್ಷವು ವೀರಕಾರ್ಯವೆನ್ನುವುದನ್ನು ಇನ್ನೊಂದು ಪಕ್ಷವು ಹತ್ಯೆಯೆನ್ನುತ್ತದೆ. ಎರಡು ಹೆಸರುಗಳನ್ನೂ ಬಿಟ್ಟು ಸತ್ತವರನ್ನು ಎಣಿಸುವವನು ಯಾರ ಪಕ್ಷವನ್ನೂ ವಹಿಸಿದಂತಾಗುವುದಿಲ್ಲ.

ಎಣಿಕೆಯ ಫಲ ಅನಿರೀಕ್ಷಿತವಾಗಿತ್ತು. ಕಲಹಗಳಲ್ಲಿ ಮಡಿದವರ ಪೈಕಿ ಸುಮಾರು 60 ಶೇಕಡಾ, ಎಂದರೆ 3 ಕೋಟಿ 60 ಲಕ್ಷ ಜನ, ಎರಡು ಮಹಾಯುದ್ಧಗಳಿಗೇ ಬಲಿಯಾದವರು. ಅದರ ನಂತರದ ದೊಡ್ಡ ಸಂಖ್ಯೆ ಮಧ್ಯಮ ಗಾತ್ರದ ಯುದ್ಧಗಳದಲ್ಲ. ಒಬ್ಬರು, ಇಬ್ಬರು, ಮೂವರು ಸತ್ತ ಬಿಡಿ ಕೊಲೆಗಳದು: 97 ಲಕ್ಷ. ಇತಿಹಾಸದ ಪಠ್ಯಗಳನ್ನು ತುಂಬುವ ಉಳಿದ ನೂರಾರು ಯುದ್ಧಗಳ ಪಾಲು ಕಾಲುಭಾಗಕ್ಕೂ ಕಡಿಮೆ. ಯುದ್ಧಗಳು ಕಾಲದಲ್ಲಿ ಹರಡಿರುವ ರೀತಿಯು ಆಕಸ್ಮಿಕ ಘಟನೆಗಳ ರೀತಿಯನ್ನೇ ಹೋಲುತ್ತದೆ. ಜಗತ್ತು ವರ್ಷದಿಂದ ವರ್ಷಕ್ಕೆ ಶಾಂತವಾಗುತ್ತಿದೆಯೆಂಬ ಭರವಸೆ ಆ ಅಂಕಿಗಳಲ್ಲಿ ಅವರಿಗೆ ಕಾಣಲಿಲ್ಲ. ಒಂದೇ ಭಾಷೆಯನ್ನಾಡುವುದರಿಂದ ಶಾಂತಿ ನೆಲೆಸುವುದೆಂಬ ನಂಬಿಕೆಗೂ ಆಧಾರ ಸಿಗಲಿಲ್ಲ. ಆದರೆ ಹೆಚ್ಚು ನೆರೆಹೊರೆಯುಳ್ಳ ದೇಶಕ್ಕೆ ಯುದ್ಧಗಳೂ ಹೆಚ್ಚು.

ಈ ಎರಡು ಗ್ರಂಥಗಳು ಅವರ ಜೀವಿತಕಾಲದಲ್ಲಿ ಮೈಕ್ರೋಫಿಲ್ಮಿನ ರೂಪದಲ್ಲಷ್ಟೇ ಹೊರಬಂದಿದ್ದವು. ಅಚ್ಚಾದದ್ದು 1960ರಲ್ಲಿ, ಅವರು ತೀರಿಕೊಂಡ ಏಳು ವರ್ಷಗಳ ಬಳಿಕ. ನೆರೆಹೊರೆಯ ಪ್ರಶ್ನೆಗಾಗಿ ಗಡಿಗಳ ಉದ್ದವನ್ನು ಸಂಗ್ರಹಿಸುವಾಗ ಅವರಿಗೆ ಒಂದು ವಿಚಿತ್ರ ಕಂಡಿತ್ತು. ಸ್ಪೇನ್-ಪೋರ್ಚುಗಲ್ ಗಡಿಯು ಒಂದು ಮೂಲದ ಪ್ರಕಾರ 987 ಕಿಲೋಮೀಟರ್, ಇನ್ನೊಂದರ ಪ್ರಕಾರ 1214. ಅಳೆಯುವ ಕೋಲು ಚಿಕ್ಕದಾದಷ್ಟೂ ಗಡಿಯು ಉದ್ದವಾಗುತ್ತದೆಂದು ಅವರು ಬರೆದಿಟ್ಟ ಲೇಖನ 1961ರಲ್ಲಿ ಬೆಳಕು ಕಂಡಿತು. ಆರು ವರ್ಷಗಳ ತರುವಾಯ ಮ್ಯಾಂಡೆಲ್‌ಬ್ರಾಟ್ ಅದನ್ನು ಓದಿ ಬ್ರಿಟನ್ನಿನ ಕರಾವಳಿಯ ಉದ್ದವೆಷ್ಟೆಂದು ಕೇಳಿದರು.